ಬಸ್ಸಿನವರೆಗೆ ನಡೆಮಡಿ

ಅಗಸರ ಸಿದ್ದಶೆಟ್ಟಿ ಇಂಗ್ಲಿಷಿನಲ್ಲಿ ಫೇಲಾದ ಸುದ್ದಿ ಸಣ್ಣೇನಕೊಪ್ಪಲಿಗೆ ಬಂದ ದಿನ ಊರಿಗೆಲ್ಲ ಹೊಟ್ಟೆ ತಣ್ಣಗಾಯಿತು. ಅಯ್ಯೋ ಪಾಪ ಅಂದವರೂ ಇದ್ದರು. ಹಾಗೆ ಅಂದವರು ಬಾಯಿಗೆ ಟವಲು ಅಡ್ಡ ಹಿಡಿದುಕೊಂಡು ಅಂದರು.

ಕೃಷ್ಣರಾಜನಗರದಿಂದ ಎರಡು ಹರದಾರಿ ದೂರ, ಕಾವೇರಿ ಹೊಳೆಯ ದಂಡೆಯ ಮೇಲಿನ ಊರು ಅದು. ಗದ್ದೆಯೆಲ್ಲ ಗೌಡರದು. ಹೊಳೆಯಂಚಿನ ಒಗೆಯುವ ಕಲ್ಲು ಮಾತ್ರ ಅಗಸರದು. ಆ ಕಲ್ಲಿನ ಮುಂದೆ ಸಿದ್ದಶೆಟ್ಟಿಯ ಅಪ್ಪ ಸಾಯುವವರೆಗೆ ಬೆನ್ನು ಬಗ್ಗಿಸಿದ. ಅವ್ವ ಕುಳ್ಳಮ್ಮ ಇನ್ನೂ ಬಗ್ಗಿಸುತ್ತಿದ್ದಳು. ಮಗನನ್ನು ಮೈಸೂರಿನ ಧರ್ಮದ ಹಾಸ್ಟೆಲಿನಲ್ಲಿ ಬಿಟ್ಟು ಬಿ.ಎ. ಮಾಡಿಸಿದ್ದಳು. ಅವನು ಸಿವಿಲ್ ಸರ್ವಿಸ್ ಪರೀಕ್ಷೆಗೆ ಕೂತ. ಚರಿತ್ರೆಯಲ್ಲಿ ಪಾಸು, ಗಣಿತದಲ್ಲಿ ಪಾಸು, ಕಾನೂನಿನಲ್ಲೂ ಪಾಸು. ಇಂಗ್ಲಿಷ್ ಪ್ರಬಂಧ ಮತ್ತು ವ್ಯಾಕರಣ ಅನ್ನುವ ಒಂದು ಪತ್ರಿಕೆಯಲ್ಲಿ ಬಿದ್ದ. ಆ ಒಂದರಲ್ಲಿ ಬಿದ್ದವನಿಗೆ ಉಳಿದವು ಇದ್ದೂ ಇಲ್ಲ. ವಯಸ್ಸಿನ ಮಿತಿ ನೋಡಿದರೆ ಅವನು ಇನ್ನೊಂದೇ ಸಲ ಕೂರಬಹುದಿತ್ತು.

ದೇಶಕ್ಕೆ ಸ್ವಾತಂತ್ರ್ಯ ಬಂದು ಏಳು ವರ್ಷವಾಗಿತ್ತು. ಇಂಗ್ಲಿಷರು ಹಡಗು ಹತ್ತಿ ಹೋಗಿದ್ದರು. ಅವರ ವ್ಯಾಕರಣ ಹೋಗಿರಲಿಲ್ಲ. ಕಚೇರಿ ಬಾಗಿಲಲ್ಲಿ ಕಾವಲು ಕೂತು, ಬಂದವನ ನಾಲಗೆ ಹೊರಳಿಸಿ ನೋಡುತ್ತಿತ್ತು.

ಪಟೇಲ ನಿಂಗಯ್ಯ ಚಾವಡಿಯಲ್ಲಿ ಕೂತು ಎಲೆಅಡಿಕೆ ಮೆಲ್ಲುತ್ತ, ಇಂಗ್ಲೀಸು ಅಂದ್ರೆ ಸವಳುಮಣ್ಣು ಹಚ್ಚಿ ಉಜ್ಜೋದು ಅನ್ಕಂಡಿದ್ದ ಅಂತ ಕಾಣ್ತದೆ ಅಂದ. ಸುತ್ತ ಇದ್ದವರು ನಕ್ಕರು. ಪಟೇಲನ ಮಗ ದೇವರಾಜು ಕೂಡ ಆ ವರ್ಷ ಅದೇ ಪರೀಕ್ಷೆಗೆ ಕೂರುವವನಿದ್ದ. ಬಿ.ಎ.ಯನ್ನು ಅವನು ದಾಟಿದ್ದು ಎಳಗರು ಕೆಸರುಗದ್ದೆ ದಾಟಿದ ಹಾಗೆ, ಬಿದ್ದು, ಎದ್ದು, ಹಿಂದಿನಿಂದ ನಾಲ್ಕು ಜನ ತಳ್ಳಿ. ಆದರೂ ಪಟೇಲನಿಗೆ ಅನುಮಾನವೇ ಇರಲಿಲ್ಲ. ಮಗ ಆಗಲೇ ತಾಲೂಕಿನ ಅಮಲ್ದಾರನಾದ ಹಾಗೇ ಮಾತಾಡುತ್ತಿದ್ದ.

ದೇವರಾಜುವಿಗೆ ಪಾಠ ಹೇಳಲು ಗೊತ್ತಾದವರು ನೀಲಕಂಠಸ್ವಾಮಿ ಮೇಷ್ಟರು. ಕೃಷ್ಣರಾಜನಗರದಲ್ಲಿ ಇದ್ದರು. ಹೈಸ್ಕೂಲಿನ ಹೆಡ್‌ಮೇಷ್ಟರಾಗಿ ರಿಟೈರಾದವರು. ತಾಲೂಕಿಗೇ ದೊಡ್ಡ ಇಂಗ್ಲಿಷು ಅವರದು. ಬೈಯುವುದಿದ್ದರೂ ಇಂಗ್ಲಿಷಿನಲ್ಲೇ ಬೈಯುತ್ತಿದ್ದರು. ಬೈಗುಳಕ್ಕೂ ಕನ್ನಡ ಸಾಲದು ಅನ್ನುವುದು ಅವರ ಅಭಿಪ್ರಾಯ.

ಸಿದ್ದಶೆಟ್ಟಿ ಮೇಷ್ಟರ ಮನೆಗೆ ಹೋಗಿ ನಿಂತು, ತನಗೂ ಹೇಳಿಕೊಡಬೇಕು ಅಂತ ಕೇಳಿದ. ಮೇಷ್ಟರು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಫೀಸು ಬೇಡ ಅಂದರು. ಆಮೇಲೆ ಒಳಗೆ ತಿರುಗಿ ಹೆಂಡತಿ ಸರ್ವಮಂಗಳಮ್ಮನಿಗೆ, ಬಟ್ಟೆಗಳನ್ನೆಲ್ಲ ಇವನ ಕೈಗೆ ಹಾಕು ಅಂದರು. ಅಷ್ಟೇ ಒಪ್ಪಂದ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಬಾಣಂತಿ ಮಗಳು ತುಂಬಿದ ಮನೆ. ಮೊದಲ ದಿನ ಸಿದ್ದಶೆಟ್ಟಿ ವ್ಯಾಕರಣ ಕಲಿತು ವಾಪಸು ಬರುವಾಗ ತಲೆ ಮೇಲೆ ಇದ್ದ ಗಂಟು ಅವನ ಕುತ್ತಿಗೆಯನ್ನು ಹೆಗಲೊಳಕ್ಕೆ ತಳ್ಳುತ್ತಿತ್ತು.

ದೇವರಾಜುವಿಗೆ ನಡುಮನೆಯಲ್ಲಿ ಚಾಪೆ. ಸಿದ್ದಶೆಟ್ಟಿಗೆ ಜಗಲಿಯ ಕೆಳಗಿನ ಮೆಟ್ಟಿಲು. ಮಧ್ಯಾಹ್ನ ಅಲ್ಲಿಗೆ ನೆತ್ತಿ ಸುಡುವ ಬಿಸಿಲು ಬರುತ್ತಿತ್ತು. ಪಾಠ ಒಳಗೆ ನಡೆಯುತ್ತಿತ್ತು, ಹೊರಗೆ ಬಿದ್ದಷ್ಟನ್ನು ಇವನು ಹೆಕ್ಕಿಕೊಳ್ಳಬೇಕು. ಪುಸ್ತಕವನ್ನು ಮೇಷ್ಟರು ಕೈಗೆ ಕೊಡುತ್ತಿರಲಿಲ್ಲ. ಜಗಲಿಯ ಮೇಲೆ ಇಡುತ್ತಿದ್ದರು, ಇವನು ಎತ್ತಿಕೊಳ್ಳುತ್ತಿದ್ದ. ಅವರು ಉಟ್ಟಿದ್ದ ಪಂಚೆಯನ್ನು ಹಿಂದಿನ ದಿನ ಇವನೇ ಒಗೆದು, ಗಂಜಿ ಹಾಕಿ, ತನ್ನ ಅಂಗೈಯಿಂದ ಒತ್ತಿ ಮಡಿಚಿ ತಂದುಕೊಟ್ಟಿದ್ದ. ಅಗಸ ಒಗೆದ ಬಟ್ಟೆ ಮಡಿ. ಒಗೆದ ಅಗಸ ಮೈಲಿಗೆ. ಈ ವ್ಯಾಕರಣವನ್ನು ಸಿದ್ದಶೆಟ್ಟಿ ಹುಟ್ಟಿದಾಗಿನಿಂದ ಓದಿದ್ದ. ಅದಕ್ಕೆ ಟ್ಯೂಷನ್ ಬೇಕಿರಲಿಲ್ಲ.

ಬೆಳಿಗ್ಗೆ ಹೊಳೆ, ಮಧ್ಯಾಹ್ನ ಮೆಟ್ಟಿಲು. ಕೋಳಿ ಕೂಗುವ ಹೊತ್ತಿಗೆ ತಾಯಿ ಮಗ ಉಬ್ಬೆ ಇಳಿಸುತ್ತಿದ್ದರು. ಸವಳುಮಣ್ಣು ಹಚ್ಚಿದ ಬಟ್ಟೆ ರಾತ್ರಿಯೆಲ್ಲ ಹಬೆಯಲ್ಲಿ ಬೆಂದಿರುತ್ತಿತ್ತು. ಅದನ್ನು ಮುಟ್ಟಿದರೆ ಕೈ ಸುಡುತ್ತದೆ, ಮುಟ್ಟಿದ ಕೈಯನ್ನು ಮಾಗಿಯ ನೀರಿಗೆ ಅದ್ದಿದರೆ ಬೆರಳ ಸಂದು ಸೀಳುತ್ತದೆ. ಕತ್ತೆ ಮೇಲೆ ಹೇರು ಹಾಕಿ ಹೊಳೆಗೆ ಹೊಡೆಯಬೇಕು. ಸೊಂಟದ ಮಟ್ಟ ನೀರಲ್ಲಿ ನಿಲ್ಲಬೇಕು. ಪಟೇಲನ ಮನೆಯ ಜಮಖಾನ ನೀರು ಕುಡಿದರೆ ಹೆಣದಷ್ಟು ಭಾರ. ಅದನ್ನು ಹೆಗಲ ಮೇಲಿಂದ ಬೀಸಿ ಕಲ್ಲಿಗೆ ಅಪ್ಪಳಿಸಬೇಕು. ಒಗೆಯುವ ಅಗಸ ಏಟಿಗೊಂದು ಉಸಿರು ಬಿಡುತ್ತಾನೆ, ಇಸ್ಸೋ ಇಸ್ಸೋ ಅಂತ. ಸಿದ್ದಶೆಟ್ಟಿ ಆ ಉಸಿರನ್ನೂ ದುಡಿಮೆಗೆ ಹಚ್ಚಿದ. ಗೋ ಅಂತ ಒಂದು ಏಟು, ವೆಂಟ್ ಅಂತ ಒಂದು, ಗಾನ್ ಅಂತ ಇನ್ನೊಂದು. ರೈಟ್, ರೋಟ್, ರಿಟನ್. ಬಾಣಂತಿಯ ರಕ್ತದ ಸೀರೆ, ಸತ್ತವರ ಮನೆಯ ಸೂತಕದ ಕಂಬಳಿ, ಹುಡುಗರ ಹೇಲುಬಟ್ಟೆ, ಎಲ್ಲ ಇಂಗ್ಲಿಷಿನ ಕ್ರಿಯಾಪದದ ಮೇಲೆ ಶುದ್ಧವಾಗುತ್ತಿದ್ದವು.

ಮೇಷ್ಟರ ಉದಾಹರಣೆಗಳೆಲ್ಲ ಒಂದೇ ತರದವು. ಒಡೆಯನು ಸೇವಕನನ್ನು ಹೊಡೆದನು. ಕರ್ಮಣಿಗೆ ತಿರುಗಿಸಿದರೆ, ಸೇವಕನು ಒಡೆಯನಿಂದ ಹೊಡೆಯಲ್ಪಟ್ಟನು. ದೇವರಾಜು ಮೂರು ಸಲ ತಪ್ಪು ತಿರುಗಿಸಿದ. ಮೆಟ್ಟಿಲ ಮೇಲಿದ್ದ ಸಿದ್ದಶೆಟ್ಟಿ ಸರಿಯಾಗಿ ಹೇಳಿ, ಒಂದು ಪ್ರಶ್ನೆಯನ್ನೂ ಕೇಳಿಬಿಟ್ಟ. "ಸಾರ್, ವಾಕ್ಯನ ಎಂಗೆ ತಿರುಗಿಸಿದ್ರೂ ಏಟು ಅವ್ನಿಗೇ ಬೀಳ್ತದಲ್ಲ?"

ಮೇಷ್ಟರು ಕನ್ನಡಕದ ಮೇಲಿಂದ ನೋಡಿದರು. ಅದು ರೂಲು, ರೂಲಿಗೆ ಯಾಕೆ ಅಂತ ಕೇಳಬಾರದು ಅಂದರು.

ಒಂದು ದಿನ ಪ್ರಬಂಧದ ಸರದಿ ಬಂತು. ಮೇಷ್ಟರಿಗೆ ಅಂದು ತಮಾಷೆ ಮಾಡುವ ಹುಕಿ. ಹಳ್ಳಿಯ ಅಗಸನ ಒಂದು ದಿನ ಅನ್ನುವ ವಿಷಯ ಕೊಟ್ಟರು. ದೇವರಾಜು ಕಿಸಕ್ಕನೆ ನಕ್ಕ. ಗೈಡಿನಲ್ಲಿ ಅದರ ಮೇಲೆ ತಯಾರಾದ ಪ್ರಬಂಧವೇ ಇತ್ತು. ಅಗಸನು ಬಹು ಉಪಯೋಗಿಯಾದ ಸೇವಕ. ಅವನು ಬಡವನಾದರೂ ಸದಾ ಸಂತೋಷವಾಗಿರುತ್ತಾನೆ. ಅವನಿಗೆ ಕತ್ತೆಯೇ ಗೆಳೆಯ. ಕೆಲವೊಮ್ಮೆ ನಮ್ಮ ಬಟ್ಟೆಗಳನ್ನು ತಾನೇ ತೊಟ್ಟು ಮೆರೆಯುತ್ತಾನೆ. ದೇವರಾಜು ಅದನ್ನೇ ಅರ್ಧ ತಪ್ಪಾಗಿ ಇಳಿಸಿ ಓದಿದ. ಮೇಷ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಗಿನಿಂದ ಹೆಂಗಸರೂ ಬಂದು ನಕ್ಕರು.

ಸಿದ್ದಶೆಟ್ಟಿ ತನಗೆ ಗೊತ್ತಿದ್ದನ್ನು ಬರೆದ. ಅವ್ವನ ಹಿಮ್ಮಡಿಯ ಬಿರುಕಿಗೆ ಮೇಣ ತುಂಬುವುದನ್ನು ಬರೆದ. ಕಾಲರಾ ಬಂದ ವರ್ಷ ಸತ್ತವರ ಬಟ್ಟೆಯನ್ನು ಮನೆಯವರೇ ಮುಟ್ಟದೆ ಕೋಲಿನಿಂದ ಅಪ್ಪನ ಕಡೆ ತಳ್ಳಿದ್ದನ್ನು, ಅದನ್ನು ಒಗೆದ ಅಪ್ಪ ವಾರದೊಳಗೆ ಹೋದದ್ದನ್ನು ಬರೆದ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕೈಯೊಡ್ಡಿದರೆ ಅಳಿದುಳಿದ ಜೊಳ್ಳು ಬತ್ತವನ್ನು ವರ್ಷದ ಕೂಲಿ, ಅಡಡೆ ಅಂತ ಕೊಡುವುದನ್ನು ಬರೆದ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ಅವುಗಳ ಜಾಗದಲ್ಲಿ ಇದ್ದವು.

ಮೇಷ್ಟರು ಎರಡು ಸಲ ಓದಿದರು. ತಪ್ಪು ಸಿಗಲಿಲ್ಲ. ಸಿಗದ್ದಕ್ಕೆ ಮುಖ ಇನ್ನಷ್ಟು ಬಿಗಿಯಿತು. ಇಡೀ ಹಾಳೆಯ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೀಟು ಎಳೆದರು.

"ವ್ಯಾಕರಣ ಇದೆ. ರುಚಿ ಇಲ್ಲ," ಅಂದರು. "ಓದೋರಿಗೆ ವಾಕರಿಕೆ ಬರಬಾರದು ಕಣೋ. ಪ್ರಬಂಧ ಅಂದ್ರೆ ಹಿತವಾಗಿರಬೇಕು. ಅವನು ಬರೆದಿರೋದು ನೋಡು, ತಪ್ಪಿದ್ರೂ ಎಷ್ಟು ನಗುನಗುತಾ ಇದೆ."

ದೇವರಾಜುವಿಗೆ ಪಾಸು ಅಂಕ ಬಿತ್ತು. ಸಿದ್ದಶೆಟ್ಟಿಗೆ ಸೊನ್ನೆ. ಅವನು ಹಾಳೆಯನ್ನು ಮಡಿಚಿ ಜೇಬಿಗೆ ಇಟ್ಟುಕೊಂಡು, ಜಗಲಿಯ ಮೇಲಿದ್ದ ಬಟ್ಟೆ ಗಂಟನ್ನು ತಲೆಗೆ ಎತ್ತಿಕೊಂಡ. ಆ ದಿನ ದಾರಿಯುದ್ದ ಅವನಿಗೆ ಒಂದೇ ಯೋಚನೆ. ಇವರಿಗೆ ಬೇಕಾಗಿರುವುದು ಇಂಗ್ಲಿಷಲ್ಲ. ತಮ್ಮ ಹೇಲುಬಟ್ಟೆ ಒಗೆಯುವವನು ನಗುತ್ತ ಒಗೆಯುತ್ತಾನೆ ಅನ್ನುವ ಒಂದು ಸರ್ಟಿಫಿಕೇಟು. ಅದು ಇಂಗ್ಲಿಷಿನಲ್ಲಿದ್ದರೆ ಇನ್ನೂ ಚೆನ್ನ. ಆದರೂ ಅವನು ಹೋಗುವುದನ್ನು ಬಿಡಲಿಲ್ಲ. ಸಾರಾಂಶ ಬರೆಯುವುದು, ನುಡಿಗಟ್ಟು, ಪತ್ರ, ಅವರಲ್ಲಿ ಹಿಂಡಿಕೊಳ್ಳುವುದು ಇನ್ನೂ ಇತ್ತು. ಹಿಂಡುವುದು ಅವನ ಕುಲದ ಕೆಲಸ.

ಪರೀಕ್ಷೆ ಮೈಸೂರಿನಲ್ಲಿ. ಹೊರಡುವ ಹಿಂದಿನ ಸಂಜೆ ಊರಿನ ತಳವಾರ ಬಂದು ಬಾಗಿಲಲ್ಲಿ ನಿಂತ. ನಾಳೆ ಪಟೇಲರ ಮಗ ಪರೀಕ್ಷೆಗೆ ಹೊರಡುತ್ತಾರೆ, ಜೋಯಿಸರು ಮುಹೂರ್ತ ಇಟ್ಟಿದ್ದಾರೆ, ಮನೆಯಿಂದ ಬಸ್ಸು ನಿಲ್ಲುವ ಜಾಗದವರೆಗೆ ವಾದ್ಯ, ನಡೆಮಡಿ ಹಾಸಲು ಸಿದ್ದಶೆಟ್ಟಿ ಬರಬೇಕು ಅಂತ ಪಟೇಲರ ಅಪ್ಪಣೆ ಅಂದ.

ನಡೆಮಡಿ ಅಂದರೆ ದೇವರ ಮೆರವಣಿಗೆಗೆ, ಮದುವೆ ಗಂಡಿಗೆ ಹಾಸುವ ಬಟ್ಟೆ. ಅಗಸ ಒಗೆದ ಸೀರೆಗಳನ್ನು ಹಾದಿಯ ಮೇಲೆ ಹಾಸಬೇಕು. ಅವರು ಕಾಲಿಟ್ಟು ದಾಟಿದ ಮೇಲೆ ಹಿಂದಿನದನ್ನು ಎತ್ತಿಕೊಂಡು ಓಡಿ ಬಂದು ಮುಂದೆ ಹಾಸಬೇಕು. ಹಾಸುವವನು ಬಗ್ಗಿಯೇ ಇರಬೇಕು. ಅವನು ನೆಟ್ಟಗೆ ನಿಂತರೆ ಮೆರವಣಿಗೆ ನಿಲ್ಲುತ್ತದೆ. ಪರೀಕ್ಷೆಗೆ ಹೋಗುವವನಿಗೆ ನಡೆಮಡಿ ಹಾಸಿದ್ದು ಯಾರೂ ಕಂಡು ಕೇಳಿದ್ದಲ್ಲ. ಆದರೆ ಪಟೇಲನ ಮಗ ಅಮಲ್ದಾರನಾಗುವವನು. ಅಮಲ್ದಾರ ಅಂದರೆ ದೇವರಿಗಿಂತ ಒಂದು ಗೇಣು ಕೆಳಗೆ.

ನಾನೂ ಅದೇ ಪರೀಕ್ಷೆಗೆ ಹೋಗುತ್ತಿದ್ದೇನೆ, ಅದೇ ಬಸ್ಸಿಗೆ ಅಂದ ಸಿದ್ದಶೆಟ್ಟಿ.

"ಆಸ್ಬುಟ್ಟು ಅತ್ಕೊ," ಅಂದ ತಳವಾರ. ಅದರಲ್ಲಿ ಏನು ಕಷ್ಟ ಅನ್ನುವುದು ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ.

ಅವನು ಹೋದ ಮೇಲೆ ಸಿದ್ದಶೆಟ್ಟಿ ಅವ್ವನ ಮುಖ ನೋಡಿದ. ಕುಳ್ಳಮ್ಮ ಇಸ್ತ್ರಿಪೆಟ್ಟಿಗೆಗೆ ಇದ್ದಿಲು ತುಂಬುತ್ತಿದ್ದಳು. ದೇವರಾಜುವಿನ ಕೋಟು ಅವಳ ಮುಂದೆ ಮಲಗಿತ್ತು. ಇದ್ದಿಲಿಗೆ ಕೆಂಡ ಹಾಕಿ ಊದಿದಳು. ಆಮೇಲೆ, "ನಿಮ್ಮಪ್ಪ ಆಸ್ದ. ಎತ್ತೆತ್ತಿ ಕೊಟ್ಟೋಳು ನಾನು. ನನ್ನ ಕೇಳ್ಬೇಡ ಕಣ ಮಗಾ," ಅಂದಳು.

ಬೆಳಿಗ್ಗೆ ಪಟೇಲನ ಮನೆ ಮುಂದೆ ಊರು ನೆರೆದಿತ್ತು. ತಮಟೆ, ಓಲಗ. ದೇವರಾಜು ಕೋಟು ತೊಟ್ಟು, ಕೊರಳಿಗೆ ಹೂವಿನ ಹಾರ ಹಾಕಿಸಿಕೊಂಡು, ಮಾರಿಗೆ ಬಿಟ್ಟ ಕುರಿಯ ಹಾಗೆ ನಿಂತಿದ್ದ. ಸಿದ್ದಶೆಟ್ಟಿ ಬಂದ. ಹೆಗಲಲ್ಲಿ ತನ್ನ ಪುಸ್ತಕದ ಚೀಲ, ತೋಳಿನ ಮೇಲೆ ನಡೆಮಡಿಯ ಸೀರೆಗಳು. ಮೈಮೇಲೆ ಬಿಳಿ ಖಾದಿ ಶರ್ಟು. ಮೈಸೂರಿನಲ್ಲಿ ಹುಡುಗರಿಗೆ ಪಾಠ ಹೇಳಿ ಹೊಲಿಸಿಕೊಂಡದ್ದು.

ಪಟೇಲ ಅವನನ್ನು ಹತ್ತಿರ ಕರೆದ. ಯಾರ ಮನೆ ಶರ್ಟು ಅಂತ ಕೇಳಿದ. ನನ್ನದೇ ಅಂದ ಸಿದ್ದಶೆಟ್ಟಿ. ಪಟೇಲ ನಂಬಲಿಲ್ಲ. ಒಂದೊಂದು ಮನೆಯ ಬಟ್ಟೆಗೂ ಅಗಸರು ಗೇರಿನ ಮಸಿಯಿಂದ ಒಂದೊಂದು ಗುರುತು ಹಾಕುತ್ತಾರೆ. ಪಟೇಲ ಅವನ ಕುತ್ತಿಗೆಯ ಹಿಂದೆ ಎರಡು ಬೆರಳು ತೂರಿಸಿ ಕಾಲರನ್ನು ಹೊರಳಿಸಿದ. ದನದ ಬಾಯಿ ಬಿಡಿಸಿ ಹಲ್ಲು ನೋಡುವ ಹಾಗೆ ನೋಡಿದ. ಊರೆಲ್ಲ ಕತ್ತು ಚಾಚಿತು. ಗುರುತಿರಲಿಲ್ಲ. ಬೆರಳನ್ನು ತನ್ನ ಪಂಚೆಗೆ ಒರೆಸಿಕೊಂಡು, ಗುರುತು ಹಾಕದೇ ಕದ್ದಿರಬೌದು ಅಂದ. ಜನ ನಕ್ಕರು.

"ಆಸ್ಲಾ," ಅಂದ ಪಟೇಲ.

ಸಿದ್ದಶೆಟ್ಟಿ ಹಾಸಿದ. ಇದನ್ನು ಮುಚ್ಚಿಡಬೇಕಾಗಿಲ್ಲ, ಅವನು ಹಾಸಿದ. ಅವತ್ತು ಬಸ್ಸು ತಪ್ಪಿದರೆ ಬದುಕೇ ತಪ್ಪುತ್ತದೆ ಅನ್ನುವ ಭಯವಿತ್ತು. ಬಗ್ಗಿದ. ಒಂದು ಸೀರೆ ಹಾಸಿದ, ಅದರ ಮುಂದೆ ಇನ್ನೊಂದು ಹಾಸಿದ. ದೇವರಾಜುವಿನ ಬೂಟು ಅವುಗಳ ಮೇಲೆ ಬಂತು. ಹಿಂದೆ ಓಡಿದ, ಎತ್ತಿದ, ಮುಂದೆ ಓಡಿದ, ಹಾಸಿದ. ಹೆಗಲ ಚೀಲ ಜಾರಿ ಜಾರಿ ಮುಂದಕ್ಕೆ ಬಂದು ಮೊಣಕಾಲಿಗೆ ಬಡಿಯುತ್ತಿತ್ತು. ಬೆವರು ಕಣ್ಣಿಗೆ ಇಳಿಯಿತು. ಶರ್ಟಿನ ಮೊಣಕೈ ಮಣ್ಣಾಯಿತು. ಬೀದಿ ಮುಗಿದು ರಸ್ತೆ ಕಾಣಿಸಿತು. ಮೈಸೂರು ಬಸ್ಸು ಬಂದು ನಿಂತು ಹಾರನ್ನು ಒತ್ತುತ್ತಿತ್ತು.

ಆಗ ಹಿಂದಿನಿಂದ ದೇವರಾಜು ಮೆಲ್ಲಗೆ ಅಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಗಾಬರಿಯಲ್ಲಿ ಅಂದದ್ದು. "ಬಿರ್‌ಬಿರ್ನೆ ಆಸ್ಲಾ ಸಿದ್ದ. ಬಸ್ಸು ಒಂಟೋಯ್ತದೆ."

ಸಿದ್ದಶೆಟ್ಟಿ ಬಗ್ಗಿದ್ದವನು ನೆಟ್ಟಗಾದ.

ಮೆರವಣಿಗೆ ನಿಂತಿತು. ತಮಟೆಯವನಿಗೆ ಗೊತ್ತಾಗದೆ ಇನ್ನೆರಡು ಏಟು ಹೊಡೆದು, ಅವನೂ ನಿಂತ. ಏನು ಅಂತ ಕೇಳಿದ ಪಟೇಲ.

"ನಾನೂ ಅದೇ ಬಸ್ಸಿಗೆ ಓಗ್ಬೇಕು," ಅಂದ ಸಿದ್ದಶೆಟ್ಟಿ. "ಇನ್ ಆಸಲ್ಲ."

ಬೆನ್ನ ಮೇಲೆ ತಳವಾರನ ಕೋಲು ಬಿತ್ತು. ಇವನು ಅಲುಗಲಿಲ್ಲ. ಪಟೇಲ ಏನೇನೋ ಬೈದ. ತಾಯಿ, ಅಕ್ಕ, ಕುಲ, ಕತ್ತೆ, ಯಾವುದನ್ನೂ ಬಿಡಲಿಲ್ಲ. ಮತ್ತೊಂದು ಏಟು ಬಿತ್ತು. ಆ ಹೊತ್ತಿಗೆ ಕುಳ್ಳಮ್ಮ ಗುಂಪಿನ ಹಿಂದಿನಿಂದ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಬಿದ್ದಿದ್ದ ಸೀರೆಗಳನ್ನು ಒಂದೊಂದಾಗಿ ಎತ್ತಿ, ಧೂಳು ಕೊಡವಿ, ತೋಳಿಗೆ ಹಾಕಿಕೊಂಡಳು. ಕೊನೆಯ ಸೀರೆಯ ಮೇಲೆ ದೇವರಾಜು ನಿಂತಿದ್ದ.

"ಕಾಲೆತ್ತಪ್ಪ," ಅಂದಳು. "ಬಟ್ಟೆ ತಕ್ಕಬೇಕು."

ಅಮಲ್ದಾರನಾಗುವವನು ಕಾಲೆತ್ತಿದ. ಒಂದು ಕಾಲು, ಆಮೇಲೆ ಇನ್ನೊಂದು. ಹೆಂಗಸರಲ್ಲಿ ಯಾರೋ ನಕ್ಕು, ಸೆರಗು ಬಾಯಿಗೆ ತುರುಕಿಕೊಂಡರು. ಕುಳ್ಳಮ್ಮ ಸೀರೆ ಮಡಿಚಿಕೊಂಡು ಮನೆ ಕಡೆ ನಡೆದಳು.

ಬಸ್ಸಿನ ಕಂಡಕ್ಟರು ಪಟೇಲನ ಕೈಸನ್ನೆ ನೋಡಿ ಸಿದ್ದಶೆಟ್ಟಿಗೆ ಬಾಗಿಲಲ್ಲಿ ಅಡ್ಡ ನಿಂತ. ದೇವರಾಜು ಹತ್ತಿದ. ಬಸ್ಸು ಹೋಯಿತು. ಸಿದ್ದಶೆಟ್ಟಿ ಕೃಷ್ಣರಾಜನಗರಕ್ಕೆ ನಡೆದ. ಬೆನ್ನು ಊದಿ ಶರ್ಟಿಗೆ ಅಂಟಿಕೊಂಡಿತ್ತು. ಸಂಜೆಯ ರೈಲು ಹಿಡಿದು ಮೈಸೂರು ಸೇರಿ, ಹಳೆಯ ಹಾಸ್ಟೆಲಿನ ಜಗಲಿಯಲ್ಲಿ ಬೋರಲು ಮಲಗಿದ. ಅಂಗಾತ ಮಲಗಲು ಆಗಲಿಲ್ಲ.

ಮೊದಲ ದಿನ ಬೇರೆ ಪತ್ರಿಕೆಗಳು ಮುಗಿದವು. ಸಂಜೆ ದೇವರಾಜು ಹಾಸ್ಟೆಲು ಹುಡುಕಿಕೊಂಡು ಬಂದ. ಅಪ್ಪನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂದ. ಸಿದ್ದಶೆಟ್ಟಿಗೆ ಇವನಾದರೂ ಮನುಷ್ಯ ಅನ್ನಿಸಿತು. ಅಷ್ಟರಲ್ಲಿ ದೇವರಾಜು ಕಂಕುಳಿಂದ ಕೋಟು ತೆಗೆದ. ಛತ್ರದಲ್ಲಿ ಮಲಗಿ ಮುದುರಿಹೋಗಿದೆ, ನಾಳೆ ಇಂಗ್ಲಿಷ್ ಪತ್ರಿಕೆ, ಒಂಚೂರು ಇಸ್ತ್ರಿ ಮಾಡಿಕೊಡು ಅಂದ.

ಸಿದ್ದಶೆಟ್ಟಿಗೆ ಸಿಟ್ಟು ಬರಲಿಲ್ಲ, ನಗು ಬಂತು. ಬೆನ್ನು ನೋಯುವಷ್ಟು ನಕ್ಕ. ಮುದುರಿದ ಕೋಟಿಗೂ ಉತ್ತರ ಬರೆಯಲು ಬರುತ್ತದೆ, ತೊಟ್ಟುಕೊಂಡು ಹೋಗು ಅಂದ. ದೇವರಾಜು ಪೆಚ್ಚಾಗಿ ಹೋದ.

ಮರುದಿನ ಪ್ರಶ್ನೆಪತ್ರಿಕೆ ಬಂತು. ಪ್ರಬಂಧಕ್ಕೆ ಮೂರು ವಿಷಯ, ಒಂದನ್ನು ಆರಿಸಬೇಕು. ಮೊದಲನೆಯದು ಹಳ್ಳಿಯ ಬಾಳಿನ ಸುಖಗಳು. ಸಿದ್ದಶೆಟ್ಟಿ ಅದನ್ನೇ ನೋಡುತ್ತ ಕೂತ. ಮೇಷ್ಟರ ಧ್ವನಿ ಕಿವಿಯಲ್ಲಿತ್ತು. ಹಿತವಾಗಿರಬೇಕು. ಹಿತವಾಗಿ ಬರೆಯುವುದು ಅವನಿಗೆ ಈಗ ಬರುತ್ತಿತ್ತು. ಹಸಿರು ಗದ್ದೆ, ತಿಳಿನೀರು, ಗೋಧೂಳಿ, ತೃಪ್ತ ರೈತ, ಮೊಸರು. ಹಾಗೆ ಬರೆದರೆ ಪಾಸಾಗುತ್ತಾನೆ. ಪೆನ್ನು ಅದಕ್ಕೇ ಹೊರಟಿತು. ಒಂದು ಸಾಲು ಬರೆದ. ಅದು ಹಾದಿಗೆ ಹಾಸಿದ ಸೀರೆಯ ಹಾಗೆ ಕಂಡಿತು. ಹೊಡೆದುಹಾಕಿದ.

ಆಮೇಲೆ ಹಳ್ಳಿಯ ಸುಖ ಯಾರ ಯಾರದು ಅಂತ ಬರೆಯುತ್ತ ಹೋದ. ಸುಖ ಪಡುವವರ ಬಟ್ಟೆ ಒಗೆಯುವವರು ಯಾರು, ಚರಂಡಿ ಬಳಿಯುವವರು ಯಾರು, ಅವರ ಊಟ ಎಲ್ಲಿಂದ ಬರುತ್ತದೆ ಅಂತ ಬರೆದ. ಚಿಕ್ಕ ಚಿಕ್ಕ ವಾಕ್ಯ. ಒಂದೊಂದು ವಾಕ್ಯವನ್ನೂ ಕಲ್ಲಿಗೆ ಹಾಕಿ ಒಗೆದು ನೋಡಿದ. ಕಾಲ ಸರಿಯೇ, ವಚನ ಸರಿಯೇ, ಅಲ್ಪವಿರಾಮ ಅದರ ಜಾಗದಲ್ಲಿದೆಯೇ. ಕೆಂಪು ಶಾಯಿಗೆ ಕಾಲಿಡಲು ಜಾಗ ಇರಕೂಡದು. ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲ ಅಂತಲೇ ಫೇಲು ಮಾಡಲಿ, ತಪ್ಪು ಅಂತ ಮಾಡಬಾರದು. ಗಂಟೆ ಬಾರಿಸಿದಾಗ ಉತ್ತರಪತ್ರಿಕೆ ಕೊಟ್ಟ. ಹೊರಗೆ ಬಂದು ನಲ್ಲಿಯ ನೀರನ್ನು ಹೊಟ್ಟೆ ತುಂಬ ಕುಡಿದ.

ಊರಿಗೆ ಬಂದಾಗ ಮನೆ ಮುಂದೆ ಗುಡ್ಡೆ ಬಿದ್ದಿತ್ತು. ಊರಿನ ಕೊಳೆಬಟ್ಟೆಯ ಗುಡ್ಡೆ. ತಾಯಿ ಮಗ ಇಬ್ಬರೂ ಇಲ್ಲದ ಹೊತ್ತು ನೋಡಿ ಪಟೇಲ ಮನೆಮನೆಗೆ ಹೇಳಿಸಿ ಹಾಕಿಸಿದ್ದ. ಸೂತಕದ್ದು, ಮುಟ್ಟಿನದು, ರೋಗದ್ದು, ಎಲ್ಲ ಒಟ್ಟಿಗೆ. ಉಬ್ಬೆಯ ಗಡಿಗೆಗಳನ್ನು ಒಡೆದಿದ್ದರು. ಕತ್ತೆಗಳನ್ನು ದೊಡ್ಡಿಗೆ ಕೂಡಿಹಾಕಿದ್ದರು. ಇಷ್ಟನ್ನೂ ಒಗೆದು, ಪಟೇಲನ ಕಾಲಿಗೆ ಬಿದ್ದು ತಪ್ಪಾಯಿತು ಅನ್ನಬೇಕು. ಅಲ್ಲಿಯವರೆಗೆ ಅಡಡೆ ಇಲ್ಲ, ಅಂಗಡಿಯಲ್ಲಿ ಉಪ್ಪಿಲ್ಲ, ಬೆಂಕಿಯಿಲ್ಲ.

ಕುಳ್ಳಮ್ಮ ಜಗಲಿಯಲ್ಲಿ ಕೂತು ರಾಗಿ ಬೀಸುತ್ತಿದ್ದಳು. ಸಾಲಿಗ್ರಾಮದ ಕಡೆ ಇದ್ದ ತಮ್ಮನ ಮನೆಗೆ ಹೋಗಿ ಬಂದಿದ್ದಳು, ಆ ರಾಗಿ ಅಲ್ಲಿಯದು. ಕುಲದವರನ್ನು ಸೇರಿಸಿ ನಡೆದದ್ದು ಹೇಳಿದ್ದಳು. ಹೊಳೆ ಸಾಲಿನ ಯಾವ ಊರಿನ ಅಗಸನೂ ಸಣ್ಣೇನಕೊಪ್ಪಲಿನ ಬಟ್ಟೆ ಮುಟ್ಟಕೂಡದು ಅಂತ ಅಲ್ಲಿ ಮಾತಾಗಿತ್ತು. ಮಗನಿಗೆ ಇದನ್ನೆಲ್ಲ ಹೇಳಿ, ಪರೀಕ್ಷೆ ಹೇಗಾಯಿತು ಅಂತ ಕೇಳಿದಳು. ಬರೆಯಬೇಕಾದ್ದು ಬರೆದೆ ಅಂದ. ಅಷ್ಟು ಸಾಕು ಅಂದಳು.

ಗುಡ್ಡೆಯನ್ನು ಅವರು ಮುಟ್ಟಲಿಲ್ಲ. ಬಿಸಿಲು ಬಿತ್ತು. ನೊಣ ಬಂತು. ಮಳೆ ಬಂತು. ಊರಿನ ಮರ್ಯಾದೆಯೆಲ್ಲ ಅಗಸರ ಬಾಗಿಲಲ್ಲಿ ನಾರುತ್ತ ಬಿದ್ದಿತ್ತು. ಗೌಡರ ಮನೆಯ ಗುಟ್ಟು, ಯಾರ ಮನೆಯಲ್ಲಿ ಎಷ್ಟು ಹರಕು, ಯಾರ ಜರಿಯಂಚಿನ ಒಳಗೆ ಎಷ್ಟು ತೇಪೆ, ಹೋಗುವವರು ಬರುವವರು ಮೂಗು ಮುಚ್ಚಿಕೊಂಡು ಓದಿದರು. ಉಡಲು ಬೇರೆ ಇಲ್ಲದವರು ಮೊದಲು ಬಂದರು. ಮುಸುಕು ಹಾಕಿಕೊಂಡು, ತಮ್ಮದನ್ನು ಕಡ್ಡಿಯಿಂದ ಹುಡುಕಿ, ಕಂಕುಳಲ್ಲಿ ಇಟ್ಟುಕೊಂಡು ಹೊಳೆಗೆ ಹೋದರು. ಆಮೇಲೆ ಉಳ್ಳವರ ಮನೆಯ ಆಳುಗಳು ಬಂದರು. ಕೊನೆಗೆ ಉಳಿದದ್ದು ಪಟೇಲನ ಮನೆಯದು. ಅದನ್ನು ಎತ್ತಲು ಆಳು ಒಪ್ಪಲಿಲ್ಲ. ಪಟೇಲನ ಹೆಂಡತಿ ಸಾಕಮ್ಮ ತಾನೇ ಬಂದಳು. ಕುಳ್ಳಮ್ಮನ ಕಡೆ ನೋಡದೆ ಬಾಚಿಕೊಂಡು ಹೋದಳು. ಅವಳು ಹೊಳೆಯಲ್ಲಿ ಬಟ್ಟೆ ಕುಕ್ಕುವುದನ್ನು ಊರು ದಂಡೆಯ ಮೇಲೆ ನಿಂತು ನೋಡಿತು. ಅಗಸರೊಬ್ಬರೇ ನೋಡಲು ಹೋಗಲಿಲ್ಲ. ಸಿದ್ದಶೆಟ್ಟಿ ಆ ತಿಂಗಳುಗಳಲ್ಲಿ ಕೃಷ್ಣರಾಜನಗರದ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊತ್ತ. ನೀಲಕಂಠಸ್ವಾಮಿ ಮೇಷ್ಟರ ಮನೆ ಕಡೆ ತಲೆ ಹಾಕಲಿಲ್ಲ.

ಫಲಿತಾಂಶ ಬಂತು. ಇಂಗ್ಲಿಷಿನಲ್ಲಿ ಸಿದ್ದಶೆಟ್ಟಿ ಪಾಸು. ಹೆಚ್ಚು ಅಂಕವೇನೂ ಬಂದಿರಲಿಲ್ಲ. ಯಾರೋ ಓದಿದವರು ಹಲ್ಲು ಕಚ್ಚಿಕೊಂಡು, ತಪ್ಪು ಸಿಗದೆ ಕೊಟ್ಟಷ್ಟು ಬಂದಿತ್ತು. ಪಟ್ಟಿಯ ಕೊನೆಯಲ್ಲಿ ಹೆಸರು ಬಂದದ್ದರಿಂದ ಅಮಲ್ದಾರಿ ಸಿಗಲಿಲ್ಲ. ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಹೋಬಳಿಯ ಶೇಕದಾರನ ಕೆಲಸ ಸಿಕ್ಕಿತು. ದೇವರಾಜು ಇಂಗ್ಲಿಷಿನಲ್ಲೇ ಬಿದ್ದಿದ್ದ. ಸರ್ಕಾರ ಈಗ ಕತ್ತೆ ಕಾಯುವವರದು ಅಂದ ಪಟೇಲ. ಈ ಸಲ ಸುತ್ತ ಇದ್ದವರು ಪೂರ್ತಿಯಾಗಿ ನಗಲಿಲ್ಲ. ಶೇಕದಾರ ಅಂದರೆ ಜಮೀನಿನ ಪಹಣಿ ತಪಾಸಣೆ ಮಾಡುವವನು, ನಾಳೆ ಈ ಹೋಬಳಿಗೇ ಬಂದಾನು, ಹೇಳಲಾಗುವುದಿಲ್ಲ.

ತಾಯಿ ಮಗ ಸಾಮಾನು ಕಟ್ಟುತ್ತಿದ್ದ ದಿನ ಮನೆ ಮುಂದೆ ಒಂದು ಜಟಕಾ ಬಂದು ನಿಂತಿತು. ನೀಲಕಂಠಸ್ವಾಮಿ ಮೇಷ್ಟರು ಇಳಿದರು. ಅಗಸರ ಕೇರಿಗೆ ಅವರು ಬಂದದ್ದು ಅದೇ ಮೊದಲು. ಜಟಕಾದವನು ಅವರ ಹಿಂದೆ ಒಂದು ದೊಡ್ಡ ಗಂಟನ್ನು ಇಳಿಸಿ ನೆಲಕ್ಕಿಟ್ಟ. ಮೇಷ್ಟರು ಸಿದ್ದಶೆಟ್ಟಿಯ ಬೆನ್ನು ತಟ್ಟಲು ಕೈ ಎತ್ತಿ, ಅರ್ಧಕ್ಕೆ ನೆನಪಾಗಿ ಇಳಿಸಿದರು. ತಾನು ತಿದ್ದಿದ ಕೈ ಎಂದೂ ಸೋತಿಲ್ಲ ಅಂದರು. ಹುಣಸೂರು, ಪಿರಿಯಾಪಟ್ಟಣದಿಂದಲೂ ಈಗ ಹುಡುಗರು ಟ್ಯೂಷನ್ನಿಗೆ ಬರುತ್ತಿದ್ದಾರೆ, ಎಲ್ಲರಿಗೂ ಇವನ ಹೆಸರನ್ನೇ ಹೇಳುತ್ತಿದ್ದೇನೆ ಅಂದರು. ಸಿದ್ದಶೆಟ್ಟಿ ಕೈಕಟ್ಟಲಿಲ್ಲ. ಕೂರಿ ಅಂತಲೂ ಅನ್ನಲಿಲ್ಲ. ಹಗ್ಗದ ಗಂಟು ಬಿಗಿಯುತ್ತಲೇ ಕೇಳಿಸಿಕೊಂಡ.

ಮೇಷ್ಟರು ಕುಳ್ಳಮ್ಮನ ಕಡೆ ತಿರುಗಿದರು. "ಪೇಟೆ ಅಗಸರು ಬಾಯಿಗೆ ಬಂದಷ್ಟು ಕೇಳ್ತಾರೆ ಕಣಮ್ಮ. ಬಟ್ಟೆ ಹಾಗೇ ಕೂತಿದೆ. ಕೋಟೆಗೆ ಹೊರಡೋಕೆ ಮುಂಚೆ ಇದೊಂದು ಸಲ ಮಾಡಿಕೊಟ್ಟು ಹೋಗಿ. ಗುರುಕಾಣಿಕೆ ಅಂತಿಟ್ಟುಕೊಳ್ಳಿ."

ಸಿದ್ದಶೆಟ್ಟಿ ಬಾಯಿ ತೆರೆದ. ಕುಳ್ಳಮ್ಮ ಕೈಯಿಂದ ಅವನನ್ನು ತಡೆದಳು. ಎದ್ದು ನಿಂತಳು. ಅವಳ ಬೆನ್ನು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ, ಆದಷ್ಟು ಮಾಡಿಕೊಂಡಳು.

"ಒಳೆ ಅಲ್ಲೇ ಅದೆ ಸ್ವಾಮಿ," ಅಂದಳು. "ಕಲ್ಲನೂ ಬುಟ್ಟೇ ಓಯ್ತಾ ಇವ್ನಿ."

ಅಷ್ಟು ಹೇಳಿ ಒಳಗೆ ಹೋಗಿ ಇಸ್ತ್ರಿಪೆಟ್ಟಿಗೆಯ ಬೂದಿ ಕೊಡವತೊಡಗಿದಳು. ಮೇಷ್ಟರು ಸಿದ್ದಶೆಟ್ಟಿಯ ಮುಖ ನೋಡಿದರು. ಅವನು ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದ. ಜಟಕಾದವನಿಗೆ, ಗಂಟು ಎತ್ತು ಅಂದರು. ಜಟಕಾದವನು ಕುದುರೆಯ ಕಾಲು ಎತ್ತಿ ಲಾಳ ನೋಡುತ್ತ ಕೂತಿದ್ದ, ಕೇಳಿಸದವನ ಹಾಗೆ.

ಮೇಷ್ಟರು ಕೇರಿಯ ಎರಡೂ ಕಡೆ ನೋಡಿದರು. ಆಮೇಲೆ ಶಲ್ಯವನ್ನು ಸೊಂಟಕ್ಕೆ ಸುತ್ತಿಕೊಂಡು ಬಗ್ಗಿದರು. ಗಂಟಿಗೆ ಎರಡೂ ಕೈ ಹಾಕಿದರು. ಅದು ಮೊಣಕಾಲಿನವರೆಗೆ ಬಂದು ಮತ್ತೆ ನೆಲಕ್ಕೆ ಕೂತಿತು. ಬಟ್ಟೆಗೆ ಅಷ್ಟು ಭಾರ ಇರುತ್ತದೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ.